ನಿಂಬೆ ಗಿಡದ ಹುಳು, ನರ್ಸರಿಯ ಚೀಟಿ: ಕೈತೋಟದ ಪರಿಸರ ಪದಗಳನ್ನು ಹೀಗೆ ಅರ್ಥ ಮಾಡಿಕೊಳ್ಳಿ

ಪ್ರಶ್ನೆ: ಮನೆಯ ಹಿಂದೆ ಸಣ್ಣ ಜಾಗ ಇದೆ, ತಾರಸಿಯಲ್ಲಿ ಒಂದಷ್ಟು ಕುಂಡಗಳಿವೆ. ಹಕ್ಕಿ, ಚಿಟ್ಟೆ ಬರುವಂಥ ಕೈತೋಟ ಮಾಡಬೇಕು ಅಂತ ಆಸೆ. ಓದಲು ಕೂತರೆ ನೇಟಿವ್, ಎಕ್ಸಾಟಿಕ್, ಇನ್ವೇಸಿವ್, ಹೋಸ್ಟ್ ಪ್ಲಾಂಟ್, ಹ್ಯಾಬಿಟಾಟ್, ಕೀಸ್ಟೋನ್, ಕಲ್ಟಿವಾರ್ ಅಂತ ಪದಗಳು ಒಂದರ ಮೇಲೊಂದು ಬರುತ್ತವೆ. ನರ್ಸರಿಯಲ್ಲಿ ಕೇಳಿದರೆ ಎಲ್ಲಾ ಗಿಡವೂ ಇಲ್ಲಿಯದೇ ಅನ್ನುತ್ತಾರೆ. ಈ ಪದಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಇನ್ನೊಂದು ವಿಷಯ. ನನ್ನ ನಿಂಬೆ ಗಿಡದ ಎಲೆಗಳನ್ನು ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳುಗಳು ತಿಂದು ಮುಗಿಸುತ್ತಿವೆ. ಯಾವ ಔಷಧಿ ಹೊಡೆಯಲಿ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಅವಸರವಿದೆ. ದಯವಿಟ್ಟು ಏನನ್ನೂ ಹೊಡೆಯಬೇಡಿ. ನಿಮಗೆ ಬೇಕಾದ ಚಿಟ್ಟೆ ಆಗಲೇ ಬಂದಿದೆ. ಆ ಹುಳುವೇ ಚಿಟ್ಟೆ.

ಒಂದು ಎಲೆಯ ಹತ್ತಿರ ಹೋಗಿ ಸುಮ್ನೆ ಐದು ನಿಮಿಷ ನೋಡಿ. ಕಂದು ಬಣ್ಣ, ನಡುವೆ ಬಿಳಿ ಪಟ್ಟೆ, ಒದ್ದೆಯ ಹೊಳಪು. ಥೇಟ್ ಹಕ್ಕಿ ಹಿಕ್ಕೆ. ಹಕ್ಕಿಯ ಕಣ್ಣಿಗೂ ಅದು ಹಾಗೇ ಕಾಣಲಿ ಅಂತಲೇ ಈ ವೇಷ. ಕೆಲವು ದಿನ ಕಳೆದು ಕೊನೆಯ ಸಲ ಪೊರೆ ಬಿಟ್ಟಾಗ ಅದೇ ಹುಳು ನಿಂಬೆ ಎಲೆಯ ಹಸಿರಿಗೆ ತಿರುಗುತ್ತದೆ. ಆಗ ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತಲೆಯ ಹಿಂದಿನಿಂದ ಕಿತ್ತಳೆ-ಕೆಂಪು ಬಣ್ಣದ ಎರಡು ಕೊಂಬು ಫಕ್ಕನೆ ಹೊರಗೆ ಬರುತ್ತವೆ, ಜೊತೆಗೆ ಘಾಟು ವಾಸನೆ. ಇರುವೆ, ಜೇಡಗಳನ್ನು ಓಡಿಸಲು ಅದರ ಬಳಿ ಇರುವುದು ಅಷ್ಟೇ. ಎರಡೇ ನಿಮಿಷದಲ್ಲಿ ಕೊಂಬು ಒಳಗೆ ಹೋಗುತ್ತದೆ, ಹುಳು ಮತ್ತೆ ತಿನ್ನಲು ಶುರು ಮಾಡುತ್ತದೆ.

ಇದು ಸ್ವಾಲೋಟೇಲ್ ಗುಂಪಿನ ಚಿಟ್ಟೆಯ ಮರಿ. ಏಷ್ಯಾ, ಆಫ್ರಿಕಾ, ಅಮೆರಿಕ ಎಲ್ಲೇ ಹೋದರೂ ನಿಂಬೆ, ಕಿತ್ತಳೆ ಜಾತಿಯ ಗಿಡಗಳನ್ನು ಅವಲಂಬಿಸಿದ ಈ ಗುಂಪಿನ ಒಂದಲ್ಲ ಒಂದು ಚಿಟ್ಟೆ ಸಿಗುತ್ತದೆ. ತಾಯಿ ಚಿಟ್ಟೆ ಗಿಡವನ್ನು ಕಣ್ಣಿನಿಂದ ಹುಡುಕುತ್ತದೆ, ಆದರೆ ಮುಂಗಾಲಿನಿಂದ ಎಲೆಯನ್ನು ತಟ್ಟಿ, ರುಚಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಮೊಟ್ಟೆ ಇಡುತ್ತದೆ. ಬೇರೆ ಗಿಡದ ಮೇಲೆ ಮೊಟ್ಟೆ ಇಟ್ಟರೆ ಮರಿ ಉಪವಾಸ ಸಾಯುತ್ತದೆ. ಹೀಗೆ ಮರಿಗಳಿಗೆ ಊಟ ಕೊಡುವ ಗಿಡಕ್ಕೆ ಹೋಸ್ಟ್ ಪ್ಲಾಂಟ್ ಅನ್ನುತ್ತಾರೆ. ಕನ್ನಡದಲ್ಲಿ ಆತಿಥೇಯ ಸಸ್ಯ ಅಂತ ಬರೆಯುತ್ತೇವೆ. ಮಾತಿನಲ್ಲಿ ‘ಹುಳುವಿನ ಗಿಡ’ ಅಂದರೂ ಸಾಕು. ನೀವು ಕೇಳಿದ ಪದಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಇದೊಂದು ಸರಿಯಾಗಿ ಹೊಳೆದರೆ ಉಳಿದ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಯಾಕೆಂದರೆ ಈ ಎಲ್ಲ ಪದಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ಈ ಗಿಡವನ್ನು ನಂಬಿ ಬದುಕುವವರು ಯಾರು?

ಚಿಟ್ಟೆಗೆ ಹೂ ಬೇಕು ಅಂತ ಎಲ್ಲರಿಗೂ ಗೊತ್ತು. ಮಕರಂದ ಕೊಡುವ ಹೂಗಿಡ ಚಿಟ್ಟೆಗೆ ರಸ್ತೆ ಬದಿಯ ಹೋಟೆಲ್ ಇದ್ದ ಹಾಗೆ. ಬರುತ್ತದೆ, ಕುಡಿಯುತ್ತದೆ, ಹೋಗುತ್ತದೆ. ಹೋಸ್ಟ್ ಪ್ಲಾಂಟ್ ಹೆರಿಗೆ ಮನೆ. ಅದಿಲ್ಲದ ತೋಟದಲ್ಲಿ ಚಿಟ್ಟೆ ಕಾಣಬಹುದು, ಹುಟ್ಟುವುದಿಲ್ಲ. ಹೂ ಮಾತ್ರ ನೋಡಿ ಗಿಡ ತರುವವರು ಅರ್ಧ ಕೆಲಸ ಮಾಡಿದ ಹಾಗೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಲಂಟಾನ ಹಾಕಿ, ಅದರ ಮೇಲೆ ಕೂತ ಚಿಟ್ಟೆಗಳನ್ನು ಎಣಿಸಿ ಖುಷಿಪಟ್ಟೆ. ಪಕ್ಕದಲ್ಲೇ ಇದ್ದ ನಿಂಬೆ ಗಿಡಕ್ಕೆ ಔಷಧಿ ಹೊಡೆದೆ. ಆ ಹುಳುಗಳು ಏನಾಗಬೇಕಿತ್ತು ಅಂತ ತಿಳಿದ ದಿನ ಆದ ಸಂಕಟ ಇನ್ನೂ ಮರೆತಿಲ್ಲ. ಅದಕ್ಕೇ ನಿಮ್ಮ ಪ್ರಶ್ನೆಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ‘ನೇಟಿವ್’ಗೆ ಬರೋಣ. ಸ್ಥಳೀಯ ಗಿಡ ಅಂದರೆ ಮನುಷ್ಯರು ತಂದು ನೆಡದೆ, ಒಂದು ಪ್ರದೇಶದಲ್ಲಿ ತಾನಾಗಿ ಬೆಳೆದು, ಸಾವಿರಾರು ವರ್ಷಗಳಿಂದ ಅಲ್ಲಿನ ಮಣ್ಣು, ಮಳೆ, ಹುಳು, ಹಕ್ಕಿಗಳ ಜೊತೆ ಬಾಳಿಕೊಂಡು ಬಂದ ಗಿಡ. ಇಲ್ಲಿ ‘ಒಂದು ಪ್ರದೇಶದಲ್ಲಿ’ ಅನ್ನುವುದನ್ನು ಯಾರೂ ಗಮನಿಸುವುದಿಲ್ಲ. ಪ್ರದೇಶದ ಹೆಸರಿಲ್ಲದೆ ‘ನೇಟಿವ್ ಗಿಡ’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಎಲ್ಲಾ ಗಿಡವೂ ಎಲ್ಲೋ ಒಂದು ಕಡೆ ಸ್ಥಳೀಯವೇ ಅಲ್ವಾ? ನೀಲಗಿರಿ ಮರ ಆಸ್ಟ್ರೇಲಿಯಾದಲ್ಲಿ ಅಪ್ಪಟ ಸ್ಥಳೀಯ, ಅಲ್ಲಿನ ಕೊವಾಲಾ ಎಂಬ ಪ್ರಾಣಿ ಬದುಕಿರುವುದೇ ಅದರ ಎಲೆಯಿಂದ. ಅದೇ ಮರ ಬೇರೆ ಖಂಡಕ್ಕೆ ಹೋದರೆ ಎಲೆ ತಿನ್ನುವವರೇ ಅಪರೂಪ. ಹಾಗಾಗಿ ನರ್ಸರಿಯಲ್ಲಿ ‘ಇದು ನೇಟಿವ್ವಾ?’ ಅಂತ ಕೇಳಬೇಡಿ. ‘ಇದರ ಮೂಲ ಎಲ್ಲಿಯದು?’ ಅಂತ ಕೇಳಿ. ಇನ್ನೊಂದು ಮಾತು. ಗಿಡಕ್ಕೆ ದೇಶದ ಗಡಿ ಗೊತ್ತಿಲ್ಲ. ಒಂದೇ ದೇಶದ ಮಳೆಕಾಡಿನ ಗಿಡ ಅದೇ ದೇಶದ ಒಣಬಯಲಿಗೆ ಹೊರಗಿನದೇ. ನೋಡಬೇಕಾದದ್ದು ಮಳೆ, ಮಣ್ಣು, ಎತ್ತರ.

ಇದಕ್ಕೆ ಅಂಟಿಕೊಂಡೇ ಬರುವ ಪದ ಎಂಡೆಮಿಕ್. ಒಂದು ಜೀವಿ ಜಗತ್ತಿನಲ್ಲಿ ಆ ಒಂದು ಜಾಗ ಬಿಟ್ಟು ಬೇರೆಲ್ಲೂ ತಾನಾಗಿ ಇಲ್ಲದಿದ್ದರೆ ಅದು ಅಲ್ಲಿಗೆ ಎಂಡೆಮಿಕ್, ಅಂದರೆ ಸ್ಥಾನಿಕ. ಲೆಮೂರ್ ಎಂಬ ಮಂಗನಂಥ ಪ್ರಾಣಿಗಳು ಮಡಗಾಸ್ಕರ್ ದ್ವೀಪದ ಸ್ಥಾನಿಕಗಳು. ಎರಡೇ ಎಲೆ ಬಿಟ್ಟು ನೂರಾರು ವರ್ಷ ಬಾಳುವ ವೆಲ್ವಿಚಿಯಾ ಗಿಡ ನಮೀಬ್ ಮರುಭೂಮಿಯದ್ದು ಮಾತ್ರ. ಸ್ಥಾನಿಕಗಳೆಲ್ಲ ಸ್ಥಳೀಯವೇ. ಆದರೆ ಸ್ಥಳೀಯವೆಲ್ಲ ಸ್ಥಾನಿಕ ಅಲ್ಲ.

ಎಕ್ಸಾಟಿಕ್ ಅಂದರೆ ಹೊರಗಿನಿಂದ ಬಂದದ್ದು, ಅಷ್ಟೇ. ಈ ಪದವನ್ನು ಬೈಗುಳದ ಹಾಗೆ ಬಳಸುವುದನ್ನು ನೋಡಿದ್ದೇನೆ, ಅದು ಸರಿಯಲ್ಲ. ಹೊರಗಿನಿಂದ ಬಂದ ಗಿಡ ಬೀಜ ಬಿಟ್ಟು, ನಮ್ಮ ಆರೈಕೆ ಇಲ್ಲದೆಯೂ ತಾನೇ ಬೆಳೆಯುತ್ತಾ ಹೋದರೆ ನ್ಯಾಚುರಲೈಸ್ಡ್, ಅಂದರೆ ಅಲ್ಲಿ ನೆಲೆ ನಿಂತ ಗಿಡ. ನೆಲೆ ನಿಂತು ಸುತ್ತಮುತ್ತಲಿನ ಗಿಡಗಳ ಉಸಿರು ಕಟ್ಟಿಸಿ, ಹರಡಿ, ಕಾಡು, ಕೆರೆ, ಹುಲ್ಲುಗಾವಲನ್ನೇ ಬದಲಾಯಿಸಿದರೆ ಆಗ ಮಾತ್ರ ಇನ್ವೇಸಿವ್, ಆಕ್ರಮಣಕಾರಿ. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ಸಲಹೆ ಕೊಡುವ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2023ರಲ್ಲಿ ಒಂದು ವರದಿ ಕೊಟ್ಟಿತು. ಮನುಷ್ಯರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದ ಜೀವಿಗಳು 37,000ಕ್ಕೂ ಹೆಚ್ಚು. ಅದರಲ್ಲಿ ಹಾನಿ ಮಾಡುತ್ತಿರುವುದು 3,500ಕ್ಕೂ ಹೆಚ್ಚು. ಗಿಡಗಳನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ ಸುಮಾರು ಆರು. ಅಂದರೆ ಹೊರಗಿನ ಗಿಡಗಳಲ್ಲಿ ಹೆಚ್ಚಿನವು ಪಾಪದವು. ಆದರೆ ಆ ಆರು ಮಾಡುವ ಕೆಲಸ ಸಣ್ಣದಲ್ಲ.

ಯಾಕೆ ಕೆಲವು ಹೀಗಾಗುತ್ತವೆ? ತನ್ನ ಮೂಲ ನೆಲದಲ್ಲಿ ಗಿಡವನ್ನು ತಿನ್ನುವ ಹುಳು, ಕೊಳೆಸುವ ಶಿಲೀಂಧ್ರ, ಬೀಜ ಕೊರೆಯುವ ದುಂಬಿ ಎಲ್ಲ ಇರುತ್ತವೆ. ಅವುಗಳಿಂದಾಗಿ ಅದು ಹದ್ದುಬಸ್ತಿನಲ್ಲಿರುತ್ತದೆ. ಹೊಸ ಜಾಗದಲ್ಲಿ ಅವು ಯಾವುದೂ ಇಲ್ಲ. ದಕ್ಷಿಣ ಅಮೆರಿಕದ ನೀರು ಹಯಸಿಂತ್ ಹೂವಿನ ಚಂದಕ್ಕೆ ಊರೂರಿಗೆ ಹೋಯಿತು, ಈಗ ಎಷ್ಟೋ ದೇಶಗಳ ಕೆರೆಗಳ ಮೇಲೆ ಚಾಪೆ ಹಾಸಿದೆ. ಅದರ ಕೆಳಗಿನ ನೀರಿಗೆ ಬೆಳಕಿಲ್ಲ, ಮೀನಿಗೆ ಉಸಿರಿಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಪಾಪಾಸುಕಳ್ಳಿ 1920ರ ದಶಕದ ಹೊತ್ತಿಗೆ ಸುಮಾರು 2.4 ಕೋಟಿ ಹೆಕ್ಟೇರ್ ನೆಲವನ್ನು ಆವರಿಸಿತ್ತು. ಕೊನೆಗೆ ಆ ಕಳ್ಳಿಯ ಶತ್ರುವಾದ ಒಂದು ಪತಂಗವನ್ನು 1925ರಲ್ಲಿ ಅರ್ಜೆಂಟೀನಾದಿಂದ ತಂದರು. ಅದರ ಮರಿಗಳು ಕೆಲವೇ ವರ್ಷಗಳಲ್ಲಿ ಬಹುಪಾಲು ಕಳ್ಳಿಯನ್ನು ತಿಂದು ಹಾಕಿದವು. ಇದಕ್ಕೆ ಜೈವಿಕ ನಿಯಂತ್ರಣ ಅನ್ನುತ್ತಾರೆ. ಅದೇ ದೇಶದಲ್ಲಿ 1935ರಲ್ಲಿ ಕಬ್ಬಿನ ದುಂಬಿಯನ್ನು ತಿನ್ನಲಿ ಅಂತ ಹವಾಯಿಯಿಂದ ಸುಮಾರು ನೂರು ಕೇನ್ ಕಪ್ಪೆಗಳನ್ನು ತಂದರು. ಅವು ದುಂಬಿಯನ್ನು ಬಿಟ್ಟು ಕೈಗೆ ಸಿಕ್ಕಿದ್ದನ್ನೆಲ್ಲ ತಿಂದವು. ಅವುಗಳ ಮೈಯ ವಿಷದಿಂದ ಅಲ್ಲಿನ ಹಾವು, ಉಡಗಳು ಸತ್ತವು. ಎರಡಕ್ಕೂ ಇರುವ ವ್ಯತ್ಯಾಸ ಗಮನಿಸಿ. ಪತಂಗದ ಮರಿ ಕಳ್ಳಿಯನ್ನು ಬಿಟ್ಟು ಬೇರೆ ತಿನ್ನುವುದಿಲ್ಲ. ಕಪ್ಪೆ ಏನನ್ನೂ ಬಿಡುವುದಿಲ್ಲ. ಯಾರು ಯಾರನ್ನು ತಿನ್ನುತ್ತಾರೆ ಅನ್ನುವುದೇ ಇಲ್ಲೂ ನಿರ್ಣಯ ಮಾಡಿದ್ದು.

ಲಂಟಾನ ಹಾಕಿದ್ದೆ ಅಂದೆನಲ್ಲ, ಅದೂ ಇದೇ ಗುಂಪು. ಅಮೆರಿಕ ಖಂಡದ ಉಷ್ಣವಲಯದ ಗಿಡ. ಅಲಂಕಾರಕ್ಕೆ ಅಂತ ಹೊರಟು ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದ ಕಾಡುಗಳಿಗೆ ನುಗ್ಗಿದೆ. ಅದರ ಹಣ್ಣು ತಿಂದ ಹಕ್ಕಿ ಬೀಜವನ್ನು ದೂರ ದೂರ ಹಾಕುತ್ತದೆ. ಹೂವಿನ ಮೇಲೆ ಚಿಟ್ಟೆಗಳು ಮುತ್ತುವುದು ನಿಜ. ಆದರೆ ಅದು ಹಬ್ಬಿದ ಕಡೆ ಆ ಚಿಟ್ಟೆಗಳ ಮರಿಗಳಿಗೆ ಬೇಕಾದ ಗಿಡಗಳು ಮೇಲೇಳುವುದಿಲ್ಲ. ಮಕರಂದದ ಆಸೆಗೆ ಹೆರಿಗೆ ಮನೆಯನ್ನೇ ಕಳೆದುಕೊಂಡ ಹಾಗೆ. ‘ಚಿಟ್ಟೆ ಬರುತ್ತದೆ’ ಅನ್ನುವುದೊಂದೇ ಗಿಡ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿಯಲ್ಲ. ಈ ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಕಳೆ ಅನ್ನುವ ಪದವನ್ನು ಇದರ ಜೊತೆ ಸೇರಿಸಬೇಡಿ. ಕಳೆ ಅಂದರೆ ನಮಗೆ ಬೇಡದ ಕಡೆ ಬೆಳೆದ ಗಿಡ. ಅದು ವಿಜ್ಞಾನದ ಪದವಲ್ಲ, ನಮ್ಮ ಅನುಕೂಲದ ಪದ. ಅಪ್ಪಟ ಸ್ಥಳೀಯ ಗಿಡವನ್ನೂ ಕಳೆ ಅಂತ ಕಿತ್ತು ಹಾಕುತ್ತೇವೆ. ನಿಮ್ಮ ಹಿತ್ತಲಲ್ಲಿ ತಾನಾಗಿ ಎದ್ದ ಗಿಡವನ್ನು ಕೀಳುವ ಮುಂಚೆ ಒಂದು ಸಲ ಹೂ ಬಿಡಲು ಬಿಡಿ. ಯಾರು ಬರುತ್ತಾರೆ ನೋಡಿ. ಅದು ಏನು ಅಂತ ಗುರುತು ಹಿಡಿದ ಮೇಲೆ ಬೇಕಾದರೆ ಕೀಳಬಹುದು. ಆಕ್ರಮಣಕಾರಿ ಅಂತ ಗೊತ್ತಾದರೆ ಮಾತ್ರ ಬೀಜ ಕಟ್ಟುವ ಮುಂಚೆಯೇ ತೆಗೆಯಿರಿ.

ಹಕ್ಕಿಗಳ ವಿಷಯಕ್ಕೆ ಬಂದರೆ, ಕಾಳು ಇಟ್ಟರೆ ಸಾಕು ಅಂತ ಹೆಚ್ಚಿನವರು ತಿಳಿದಿದ್ದಾರೆ. ಕಾಳು ತಿನ್ನುವ ಹಕ್ಕಿಗಳಲ್ಲೂ ಹಲವು ಮರಿಗಳಿಗೆ ಹುಳುವನ್ನೇ ಕೊಡುತ್ತವೆ. ಮರಿಯ ಗಂಟಲಿಗೆ ಹುಳು ಮೆತ್ತಗೆ, ಮೈಗೆ ಪ್ರೋಟೀನ್. ಅಮೆರಿಕದ ಕೀಟತಜ್ಞ ಡಗ್ಲಸ್ ಟಾಲಮಿ ಒಂದು ಲೆಕ್ಕ ಕೊಡುತ್ತಾರೆ. ಕೆರೊಲೈನಾ ಚಿಕಡೀ ಅಂತ ಗುಬ್ಬಿಗಿಂತ ಸಣ್ಣ ಹಕ್ಕಿ. ಅದು ಒಂದು ಗೂಡಿನ ಮರಿಗಳನ್ನು ಹಾರುವ ಹಂತಕ್ಕೆ ತರಲು 6,000ದಿಂದ 9,000 ಹುಳು ಹಿಡಿದು ತರಬೇಕು. ಅದೂ ಎರಡೂವರೆ ವಾರದೊಳಗೆ. ಅಷ್ಟು ಹುಳು ಎಲ್ಲಿಂದ ಬರಬೇಕು? ಎಲೆಯಿಂದ. ಯಾವ ಎಲೆ? ಹುಳು ತಿನ್ನಬಲ್ಲ ಎಲೆ. ಎಲೆ ತಿನ್ನುವ ಕೀಟಗಳಲ್ಲಿ ಬಹುಪಾಲು ಒಂದೆರಡು ಕುಟುಂಬದ ಗಿಡ ಬಿಟ್ಟು ಬೇರೆ ಮುಟ್ಟುವುದಿಲ್ಲ. ಗಿಡದ ಎಲೆಯಲ್ಲಿ ಅದರದೇ ಕಹಿ, ವಿಷ, ಅಂಟು ಇರುತ್ತದೆ. ಅದನ್ನು ಅರಗಿಸಿಕೊಳ್ಳಲು ಕೀಟದ ಕುಲ ಲಕ್ಷಾಂತರ ವರ್ಷ ಕಲಿತಿರುತ್ತದೆ. ಹೊಸದಾಗಿ ಬಂದ ಗಿಡದ ಪಾಠ ಅದಕ್ಕೆ ಇನ್ನೂ ಗೊತ್ತಿಲ್ಲ. ಟಾಲಮಿ ಮತ್ತು ಸಂಗಡಿಗರು ವಾಷಿಂಗ್ಟನ್ ನಗರದ ಮನೆಗಳ ಅಂಗಳದಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಬಂತು. ಅಂಗಳದ ಹಸಿರಿನಲ್ಲಿ ಶೇಕಡಾ 70ರಷ್ಟಾದರೂ ಸ್ಥಳೀಯ ಗಿಡಗಳಿದ್ದ ಕಡೆ ಮಾತ್ರ ಚಿಕಡೀ ಸಂಖ್ಯೆ ಕುಸಿಯದೆ ಉಳಿಯಬಲ್ಲದು ಅಂತ ಕಂಡುಬಂತು.

ಆ ಅಂಕಿ ಒಂದು ಊರಿನ ಒಂದು ಹಕ್ಕಿಯದ್ದು. ಎಲ್ಲ ಕಡೆಗೂ ಅದನ್ನೇ ಅಳತೆಗೋಲು ಮಾಡಬೇಡಿ. ಆದರೆ ಅದು ಒಂದು ಸಮಾಧಾನವನ್ನೂ ಕೊಡುತ್ತದೆ. ನಿಮ್ಮ ಅಜ್ಜಿ ಕೊಟ್ಟ ಗುಲಾಬಿಯನ್ನು ಕಿತ್ತು ಹಾಕಬೇಕಿಲ್ಲ. ಹೊರಗಿನ ಗಿಡಕ್ಕೂ ಜಾಗವಿದೆ, ಹೆಚ್ಚಿನ ಪಾಲು ಸ್ಥಳೀಯವಾಗಿರಲಿ, ಅಷ್ಟೇ. ನಿಮ್ಮ ನಿಂಬೆಯೇ ಇದಕ್ಕೆ ಉದಾಹರಣೆ. ನಿಂಬೆ ಜಗತ್ತಿನ ಹೆಚ್ಚಿನ ಕಡೆ ನೆಟ್ಟು ಬೆಳೆಸಿದ ಗಿಡ. ಆದರೂ ಸ್ವಾಲೋಟೇಲ್ ಮರಿ ಅದನ್ನು ತಿನ್ನುತ್ತದೆ. ಯಾಕೆಂದರೆ ಆ ಮರಿ ಕಾಡಿನಲ್ಲಿ ತಿನ್ನುತ್ತಿದ್ದ ಗಿಡಗಳೂ ನಿಂಬೆಯ ಕುಟುಂಬದವೇ, ಎಣ್ಣೆಯ ವಾಸನೆ ಹೆಚ್ಚುಕಡಿಮೆ ಒಂದೇ. ನೆಂಟರ ಮನೆಯ ಊಟ ಅದಕ್ಕೆ ಒಗ್ಗುತ್ತದೆ.

ಹುಳು ಎಲೆ ತಿನ್ನುತ್ತದೆ, ಹಕ್ಕಿ ಹುಳು ತಿನ್ನುತ್ತದೆ, ಹಕ್ಕಿಯನ್ನು ಗಿಡುಗ ಹಿಡಿಯುತ್ತದೆ. ಶಾಲೆಯಲ್ಲಿ ಇದನ್ನು ಆಹಾರ ಸರಪಳಿ ಅಂತ ಕಲಿತಿದ್ದೆವು. ನಿಜದಲ್ಲಿ ಅದು ಬಲೆ, ಆಹಾರ ಜಾಲ. ಒಂದು ಹುಳುವನ್ನು ಹತ್ತು ಜನ ತಿನ್ನುತ್ತಾರೆ, ಒಂದು ಹಕ್ಕಿ ಇಪ್ಪತ್ತು ಬಗೆ ತಿನ್ನುತ್ತದೆ. ಈ ಜಾಲ ಮತ್ತು ಅದು ನಿಂತಿರುವ ಮಣ್ಣು, ನೀರು, ಬಿಸಿಲು ಎಲ್ಲ ಸೇರಿದ್ದಕ್ಕೆ ಇಕೋಸಿಸ್ಟಮ್, ಪರಿಸರ ವ್ಯವಸ್ಥೆ ಅನ್ನುತ್ತಾರೆ. 1935ರಲ್ಲಿ ಆರ್ಥರ್ ಟಾನ್ಸ್ಲಿ ಎಂಬ ಬ್ರಿಟಿಷ್ ಸಸ್ಯವಿಜ್ಞಾನಿ ಆ ಪದವನ್ನು ಬಳಕೆಗೆ ತಂದರು. ಕಾಡೂ ಇಕೋಸಿಸ್ಟಮ್, ಕುಂಡದ ಕೆಳಗಿನ ತೇವದ ಜಾಗವೂ ಇಕೋಸಿಸ್ಟಮ್. ಇಕಾಲಜಿ ಅದನ್ನು ಓದುವ ವಿಜ್ಞಾನ. ಆ ಪದ ಇನ್ನೂ ಹಳೆಯದು, 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕಲ್ ಕೊಟ್ಟದ್ದು. ಅದರ ಮೂಲದಲ್ಲಿರುವ ಗ್ರೀಕ್ ಪದದ ಅರ್ಥ ‘ಮನೆ’.

ಕೀಸ್ಟೋನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ನನಗೆ ತುಂಬಾ ಇಷ್ಟದ ಪದ. ಕಲ್ಲಿನ ಕಮಾನಿನ ತುದಿಯಲ್ಲಿ ಒಂದು ನಡುಗಲ್ಲು ಇರುತ್ತದೆ. ಅದನ್ನು ಎಳೆದರೆ ಉಳಿದ ಕಲ್ಲುಗಳೂ ಉದುರುತ್ತವೆ. ರಾಬರ್ಟ್ ಪೇನ್ ಎಂಬ ವಿಜ್ಞಾನಿ 1963ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಬಂಡೆಗಳ ಮೇಲಿನ ನಕ್ಷತ್ರಮೀನುಗಳನ್ನು ಕಿತ್ತು ಕಡಲಿಗೆ ಎಸೆಯಲು ಶುರು ಮಾಡಿದರು. ಒಂದು ತುಂಡು ಜಾಗದಲ್ಲಿ ಮಾತ್ರ, ಏನಾಗುತ್ತದೆ ನೋಡಲು. ನಕ್ಷತ್ರಮೀನು ತಿನ್ನುತ್ತಿದ್ದ ಚಿಪ್ಪುಜೀವಿಗಳು ಬೆಳೆದು ಬಂಡೆಯನ್ನೆಲ್ಲ ಆಕ್ರಮಿಸಿದವು. 15 ಬಗೆಯ ಜೀವಿಗಳಿದ್ದ ಕಡೆ 8 ಉಳಿದವು. ತೆಗೆದದ್ದು ಒಂದೇ ಜೀವಿಯನ್ನು. ತನ್ನ ಸಂಖ್ಯೆಗೆ ಹೋಲಿಸಿದರೆ ಬಹಳ ದೊಡ್ಡ ಪರಿಣಾಮ ಬೀರುವ ಇಂಥ ಜೀವಿಗೆ ಪೇನ್ 1969ರಲ್ಲಿ ಕೀಸ್ಟೋನ್ ಪ್ರಭೇದ ಅಂತ ಹೆಸರಿಟ್ಟರು.

ಗಿಡಗಳಲ್ಲಿ ಈ ಸ್ಥಾನಕ್ಕೆ ಅತ್ತಿ, ಆಲ, ಬಸರಿಗಳ ಕುಲ ನೆನಪಿಗೆ ಬರುತ್ತದೆ. ಫೈಕಸ್ ಎಂಬ ಈ ಕುಲದಲ್ಲಿ 750ಕ್ಕೂ ಹೆಚ್ಚು ಬಗೆಗಳಿವೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಇವುಗಳಲ್ಲಿ ಯಾವುದೋ ಒಂದು ಮರ ಹಣ್ಣು ಬಿಟ್ಟಿರುತ್ತದೆ. 1,200ಕ್ಕೂ ಹೆಚ್ಚು ಬಗೆಯ ಹಕ್ಕಿ, ಬಾವಲಿ, ಮಂಗ ಮುಂತಾದ ಬೆನ್ನೆಲುಬಿನ ಪ್ರಾಣಿಗಳು ಈ ಹಣ್ಣು ತಿನ್ನುವುದು ದಾಖಲಾಗಿದೆ. ಆ ಹಣ್ಣು ಕಟ್ಟಲು ಒಂದು ಸಣ್ಣ ಕಣಜ ಒಳಗೆ ಹೋಗಿ ಪರಾಗ ಮುಟ್ಟಿಸಬೇಕು. ಹೆಚ್ಚಿನ ಮರಗಳಿಗೆ ಅವುಗಳದ್ದೇ ಬೇರೆ ಬೇರೆ ಕಣಜ. ಸೊಳ್ಳೆಗಿಂತ ಚಿಕ್ಕ ಆ ಜೀವದ ಮೇಲೆ ಅಷ್ಟು ದೊಡ್ಡ ಮರ, ಮರದ ಮೇಲೆ ಅಷ್ಟೊಂದು ಬಾಯಿ. ಇವು ಹಿತ್ತಲಿಗೆ ಹೊಂದುವ ಮರಗಳಲ್ಲ, ಬೇರು ಗೋಡೆ ಸೀಳುತ್ತದೆ. ನಿಮ್ಮ ಬೀದಿಯಲ್ಲಿ ಅಂಥ ಮರ ಇದ್ದರೆ ಉಳಿಸಿಕೊಳ್ಳಿ.

ಹ್ಯಾಬಿಟಾಟ್ ಅಂದರೆ ಆವಾಸ, ಒಂದು ಜೀವಿಗೆ ಊಟ, ನೀರು, ಅಡಗುವ ಜಾಗ, ಮರಿ ಮಾಡುವ ಜಾಗ ನಾಲ್ಕೂ ಸಿಗುವ ತಾಣ. ಮೂರು ಇದ್ದು ಒಂದಿಲ್ಲದಿದ್ದರೂ ಅದು ಆವಾಸ ಆಗುವುದಿಲ್ಲ. ರಸ್ತೆ, ಕಟ್ಟಡಗಳಿಂದ ಆವಾಸ ತುಂಡು ತುಂಡಾದರೆ ಫ್ರಾಗ್ಮೆಂಟೇಶನ್. ತುಂಡುಗಳ ನಡುವೆ ಓಡಾಡಲು ಉಳಿದ ಹಸಿರು ದಾರಿ ಕಾರಿಡಾರ್. ನಿಮ್ಮ ಹಿತ್ತಲು ಕಾಡಾಗುವುದಿಲ್ಲ. ಆದರೆ ಹೊಳೆ ದಾಟಲು ಹಾಕಿದ ಮೆಟ್ಟುಗಲ್ಲಿನ ಹಾಗೆ, ಚಿಟ್ಟೆ, ಜೇನು, ಸಣ್ಣ ಹಕ್ಕಿಗಳಿಗೆ ಒಂದು ತಂಗುವ ಜಾಗ ಆಗುತ್ತದೆ. ತಾರಸಿಯ ಕುಂಡಗಳಿಗೂ ಇದೇ ಮಾತು.

ಮರಿ ಮಾಡುವ ಜಾಗ ಅಂದೆ. ಜೇನು ಅಂದ ತಕ್ಷಣ ನಮಗೆ ಜೇನುಗೂಡು ನೆನಪಾಗುತ್ತದೆ. ಜಗತ್ತಿನಲ್ಲಿ 20,000ದಷ್ಟು ಬಗೆಯ ಜೇನುಗಳಿವೆ. ಬಹುಪಾಲು ಒಂಟಿ ಜೇನುಗಳು. ರಾಣಿ ಇಲ್ಲ, ತುಪ್ಪ ಕೂಡಿಡುವುದಿಲ್ಲ, ಸುಮ್ಮಸುಮ್ಮನೆ ಕುಟುಕುವುದೂ ಇಲ್ಲ. ಸುಮಾರು ಶೇಕಡಾ 70 ಬಗೆಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತವೆ. ಹಿತ್ತಲಿಗೆ ಪೂರ್ತಿ ಸಿಮೆಂಟು ಹಾಕಿಸಿದರೆ, ಮಣ್ಣಿನ ಮೇಲೆಲ್ಲ ದಪ್ಪ ಹೊದಿಕೆ ಹಾಕಿದರೆ ಅವಕ್ಕೆ ಬಾಗಿಲು ಮುಚ್ಚಿದ ಹಾಗೆ. ಬಿಸಿಲು ಬೀಳುವ ಕಡೆ ಒಂದು ಚಾಪೆಯಷ್ಟು ಬರೀ ಮಣ್ಣು ಬಿಡಿ. ನಿಮ್ಮ ಗುಲಾಬಿ ಎಲೆಯ ಅಂಚಿನಲ್ಲಿ ಯಾರೋ ಕತ್ತರಿಯಿಂದ ದುಂಡಗೆ ಕತ್ತರಿಸಿದ ಹಾಗೆ ಕಂಡರೆ ಗಾಬರಿಯಾಗಬೇಡಿ. ಅದು ಎಲೆ ಕತ್ತರಿಸುವ ಜೇನು. ಆ ತುಂಡನ್ನು ಸುತ್ತಿ ತೊಟ್ಟಿಲು ಮಾಡುತ್ತದೆ, ಒಳಗೆ ಪರಾಗದ ಉಂಡೆ ಇಟ್ಟು ಅದರ ಮೇಲೆ ಒಂದು ಮೊಟ್ಟೆ ಇಡುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ.

ಪಾಲಿನೇಟರ್ ಅಂದರೆ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಜೀವಿ. ಜೇನು, ಚಿಟ್ಟೆ, ಪತಂಗ, ನೊಣ, ದುಂಬಿ, ಹಕ್ಕಿ, ಬಾವಲಿ ಎಲ್ಲರೂ ಈ ಕೆಲಸದಲ್ಲಿದ್ದಾರೆ. ಹೂ ಬಿಡುವ ಗಿಡಗಳಲ್ಲಿ ನೂರಕ್ಕೆ ಸುಮಾರು 87 ಇವರನ್ನು ನಂಬಿವೆ. ‘ಪಾಲಿನೇಟರ್ ಫ್ರೆಂಡ್ಲಿ’ ಅನ್ನುವ ಚೀಟಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಮೊದಲು ಹೂವನ್ನು ಬಿಡಿಸಿ ನೋಡಿ. ಸುತ್ತು ಸುತ್ತು ಎಸಳು ತುಂಬಿದ ಹೂಗಳಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಪರಾಗವೂ ಇಲ್ಲ, ಇದ್ದರೂ ಜೇನಿಗೆ ದಾರಿ ಇಲ್ಲ. ನೋಡಲು ತುಂಬು ಹೂ, ಜೇನಿಗೆ ಖಾಲಿ ತಟ್ಟೆ. ಒಂದು ಸುತ್ತಿನ ಎಸಳು, ನಡುವೆ ಹಳದಿ ಪುಡಿ ಕಾಣುವ ಹೂವನ್ನು ಆರಿಸಿ.

ಇಲ್ಲೇ ಕಲ್ಟಿವಾರ್ ಅರ್ಥ ಆಗುತ್ತದೆ. ಕಾಡುಗಿಡದಲ್ಲಿ ಮನುಷ್ಯರು ತಮಗೆ ಬೇಕಾದ ಗುಣ ಆರಿಸಿ ಉಳಿಸಿಕೊಂಡ ತಳಿಯೇ ಕಲ್ಟಿವಾರ್. ಸ್ಥಳೀಯ ಗಿಡದ ತಳಿಯೂ ಸ್ಥಳೀಯ ಗಿಡವೂ ಒಂದೇನಾ? ಬದಲಾಯಿಸಿದ್ದು ಏನು ಅನ್ನುವುದರ ಮೇಲೆ ಹೋಗುತ್ತದೆ. ಎತ್ತರ ಕಡಿಮೆ ಮಾಡಿದ್ದರೆ ಹುಳುಗಳಿಗೆ ಹೆಚ್ಚು ವ್ಯತ್ಯಾಸವಿಲ್ಲ. ಹಸಿರೆಲೆಯನ್ನು ಕೆಂಪು, ನೇರಳೆ ಮಾಡಿದ್ದರೆ ಎಲೆಯೊಳಗಿನ ರಾಸಾಯನಿಕವೂ ಬದಲಾಗಿರುತ್ತದೆ, ಹುಳುಗಳು ಕಡಿಮೆ ತಿನ್ನುತ್ತವೆ. ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ಗಿಡಗಳನ್ನು ಕೂಡಿಸಿ ಮಾಡಿದ ಮಿಶ್ರತಳಿ. ಚೀಟಿಯಲ್ಲಿ ವೈಜ್ಞಾನಿಕ ಹೆಸರಿದ್ದರೆ ಗುರುತಿಸುವುದು ಸುಲಭ. ಎರಡು ಪದದ ಹೆಸರಲ್ಲಿ ಮೊದಲನೆಯದು ಕುಲ, ಎರಡನೆಯದು ಪ್ರಭೇದ. ಆಮೇಲೆ ಒಂಟಿ ಉದ್ಧರಣ ಚಿಹ್ನೆಯೊಳಗೆ ಇನ್ನೊಂದು ಹೆಸರಿದ್ದರೆ ಅದು ಕಲ್ಟಿವಾರ್. ಎರಡು ಪದಗಳ ನಡುವೆ ಗುಣಾಕಾರದ ಗುರುತು ಇದ್ದರೆ ಹೈಬ್ರಿಡ್. ಆಡುಮಾತಿನ ಹೆಸರನ್ನು ನಂಬಿ ಗಿಡ ತರಬೇಡಿ. ಒಂದೇ ಹೆಸರಲ್ಲಿ ಮೂರು ಗಿಡ, ಒಂದೇ ಗಿಡಕ್ಕೆ ಐದು ಹೆಸರು ಇರುತ್ತದೆ.

ಜೀವವೈವಿಧ್ಯ ಅಂದರೆ ಬಗೆ ಬಗೆಯ ಜೀವಿಗಳು ಇರುವುದು ಮಾತ್ರವಲ್ಲ, ಒಂದೇ ಜೀವಿಯೊಳಗಿನ ತಳಿಭೇದ, ಬೇರೆ ಬೇರೆ ಆವಾಸಗಳು ಎಲ್ಲ ಸೇರಿ. ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿಯನ್ನು ಪ್ರಕೃತಿ ಸಂರಕ್ಷಣೆಗಾಗಿ ಇರುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1964ರಿಂದ ಮಾಡುತ್ತಿದೆ. ಆ ಪಟ್ಟಿ ನೋಡುವಾಗ ಒಂದು ನೆನಪಿಡಿ. ಚೀನಾ ಮೂಲದ ಗಿಂಕ್ಗೊ ಮರ ಎಷ್ಟೋ ನಗರಗಳ ಬೀದಿಯಲ್ಲಿದೆ, ಆದರೂ ಪಟ್ಟಿಯಲ್ಲಿದೆ. ಎಣಿಸುವುದು ಕಾಡಿನಲ್ಲಿ ತಾನಾಗಿ ಉಳಿದವನ್ನು.

ಮಣ್ಣಿನ ಬಗ್ಗೆ ಎರಡೇ ಮಾತು. ತರಗೆಲೆ ಗುಡಿಸಿ ಸುಡಬೇಡಿ, ಗಿಡದ ಬುಡಕ್ಕೆ ಹಾಕಿ. ಎಷ್ಟೋ ಪತಂಗಗಳು ಕೋಶವಾಗಿ ಮಲಗಿರುವುದು ಅದರೊಳಗೇ. ಕುಂಡದ ಮಣ್ಣಿನ ಚೀಲ ಕೊಳ್ಳುವಾಗ ಪೀಟ್ ಅಂತ ಬರೆದಿದೆಯಾ ನೋಡಿ. ಅದು ಸಾವಿರಾರು ವರ್ಷ ಜೌಗಿನಲ್ಲಿ ಕೂಡಿದ ಪಾಚಿಯ ಮಣ್ಣು. ಪೀಟ್ ಇರುವ ನೆಲ ಭೂಮಿಯ ನೆಲದಲ್ಲಿ ಶೇಕಡಾ 3 ಮಾತ್ರ, ಆದರೆ ಮಣ್ಣಿನಲ್ಲಿರುವ ಇಂಗಾಲದ ಮೂರನೇ ಒಂದು ಭಾಗದಷ್ಟು ಅಲ್ಲಿದೆ. ಅದನ್ನು ಅಗೆದರೆ ಇಂಗಾಲ ಗಾಳಿಗೆ ಸೇರುತ್ತದೆ. ಕೊಕೊಪೀಟ್ ಬೇರೆ, ಅದು ತೆಂಗಿನ ನಾರಿನ ಪುಡಿ. ಹೆಸರು ನೋಡಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಔಷಧಿಯ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಸಿಸ್ಟಮಿಕ್ ಅಂತ ಬರೆದ ಕೀಟನಾಶಕ ಗಿಡದ ಒಳಗೆ ಹೋಗುತ್ತದೆ. ಎಲೆಗೆ, ಹೂವಿಗೆ, ಮಕರಂದಕ್ಕೂ ಸೇರುತ್ತದೆ. ಮೇಲಿನಿಂದ ತೊಳೆದರೆ ಹೋಗುವುದಿಲ್ಲ. ಇಂಥವೇ ಆದ ನಿಯೋನಿಕೋಟಿನಾಯ್ಡ್ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಲ್ಲಿ ಬಳಸಬಾರದು ಅಂತ ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿದ್ದು ಜೇನುಗಳಿಗಾಗಿಯೇ. ನರ್ಸರಿಯಿಂದ ತಂದ ಹೋಸ್ಟ್ ಪ್ಲಾಂಟ್ ಮೇಲೆ ಹುಳುಗಳು ಸಾಯುತ್ತಿದ್ದರೆ ಈ ಅನುಮಾನ ಇರಲಿ. ಗಿಡ ಕೊಳ್ಳುವಾಗ ಏನು ಹೊಡೆದಿದ್ದೀರಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ‘ಆರ್ಗ್ಯಾನಿಕ್’ ಅಂತ ಬರೆದಿದ್ದರೂ ಅದು ಕೊಲ್ಲುವುದಿಲ್ಲ ಅಂತ ಅರ್ಥವಲ್ಲ. ಸೇವಂತಿಗೆಯ ಹತ್ತಿರದ ಒಂದು ಹೂವಿನಿಂದ ತೆಗೆಯುವ ಪೈರೆಥ್ರಿನ್ ನೈಸರ್ಗಿಕವೇ, ಜೇನನ್ನೂ ಕೊಲ್ಲುತ್ತದೆ.

ಹಾಗಾದರೆ ನಿಂಬೆ ಗಿಡ? ದೊಡ್ಡ ಗಿಡವಾದರೆ ಏನೂ ಮಾಡಬೇಡಿ. ಮತ್ತೆ ಚಿಗುರುತ್ತದೆ. ಕುಂಡದ ಸಣ್ಣ ಗಿಡ, ಹತ್ತಾರು ಹುಳು ಇದ್ದರೆ, ಎರಡು ಮೂರನ್ನು ಬಿಟ್ಟು ಉಳಿದವನ್ನು ಎಲೆಯ ಸಮೇತ ಕತ್ತರಿಸಿ ಹತ್ತಿರದ ಬೇರೆ ನಿಂಬೆ, ಕಿತ್ತಳೆ ಗಿಡಕ್ಕೆ ಒಯ್ದು ಇಡಿ. ಸಾಧ್ಯವಾದರೆ ಇನ್ನೊಂದು ನಿಂಬೆ ಸಸಿ ಅವಕ್ಕಾಗಿಯೇ ಬೆಳೆಸಿ. ಎರಡು ಮೂರು ವಾರದಲ್ಲಿ ಹುಳು ತಿನ್ನುವುದನ್ನು ನಿಲ್ಲಿಸಿ ಒಂದು ಕಡ್ಡಿ ಹುಡುಕುತ್ತದೆ. ನಡುವಿಗೆ ಒಂದು ರೇಷ್ಮೆ ಎಳೆ ಕಟ್ಟಿಕೊಂಡು, ಮರಕ್ಕೆ ಒರಗಿದ ಹಾಗೆ ನಿಂತು ಕೋಶವಾಗುತ್ತದೆ. ಹಸಿರು ಕಡ್ಡಿಯ ಮೇಲೆ ಹಸಿರು, ಒಣಕಡ್ಡಿಯ ಮೇಲೆ ಕಂದು. ಕಣ್ಣಿಗೆ ಬೀಳುವುದೇ ಕಷ್ಟ, ಹಾಗಾಗಿ ಆ ದಿನಗಳಲ್ಲಿ ಗಿಡ ಸವರಬೇಡಿ. ಬೆಚ್ಚಗಿನ ಕಾಲದಲ್ಲಿ ಒಂದೆರಡು ವಾರ ಸಾಕು. ಕೋಶದ ಮೈ ತೆಳುವಾಗಿ ಒಳಗಿನ ರೆಕ್ಕೆಯ ಗೆರೆ ಕಂಡರೆ, ಮರುದಿನ ಬೆಳಿಗ್ಗೆ ಬೇಗ ಎದ್ದು ಗಿಡದ ಹತ್ತಿರ ಹೋಗಿ. ಮುದುಡಿದ ರೆಕ್ಕೆ ಬಿಚ್ಚಿ ಒಣಗಲು ಅದು ಒಂದೆರಡು ಗಂಟೆ ಅಲ್ಲೇ ಕೂತಿರುತ್ತದೆ.